ಅಪಾಯದ ಕಾಗದಕ್ಕೆ ಸಹಿ ಯಾರದು?

ಸಾರ್ವಜನಿಕ ಸೇವೆಗಳನ್ನು ಆನ್‌ಲೈನಿಗೆ ತರುವ ಇಲಾಖೆಯೊಂದರಲ್ಲಿ ಮಾಹಿತಿ ಭದ್ರತೆಯ ಹೊಣೆ ಹೊತ್ತು ನಾನು ಕೆಲವು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಈ ಅವಧಿಯಲ್ಲಿ ನನ್ನಿಂದಾದ ದೊಡ್ಡ ತಪ್ಪು ಯಾವುದೆಂದು ಯಾರಾದರೂ ಕೇಳಿದರೆ, ಮರೆತುಹೋದ ಅಪ್‌ಡೇಟನ್ನಾಗಲೀ ಕೆಟ್ಟ ಫೈರ್‌ವಾಲನ್ನಾಗಲೀ ಹೆಸರಿಸುವುದಿಲ್ಲ. ನಾನೇ ಬಹಳ ಶ್ರದ್ಧೆಯಿಂದ ಬರೆದ 42 ಪುಟಗಳ ವರದಿಯೊಂದನ್ನು ತೋರಿಸುತ್ತೇನೆ.

ಪ್ರಮಾಣಪತ್ರ ನೀಡುವ ಹೊಸ ಸೇವೆಯೊಂದು ಜನರಿಗೆ ತೆರೆದುಕೊಳ್ಳುವ ಮೂರು ವಾರ ಮೊದಲು ನಮ್ಮ ತಂಡ ಅದರ ಭದ್ರತಾ ಪರೀಕ್ಷೆ ನಡೆಸಿತು. ಲಾಗಿನ್ ಆದ ಅರ್ಜಿದಾರರು ಬ್ರೌಸರಿನ ವಿಳಾಸದಲ್ಲಿ ಕಾಣುವ ಅರ್ಜಿ ಸಂಖ್ಯೆಯ ಕೊನೆಯ ಅಂಕಿಯನ್ನು ಬದಲಿಸಿದರೆ ಬೇರೊಬ್ಬರ ದಾಖಲೆ ತೆರೆದುಕೊಳ್ಳುತ್ತಿತ್ತು. ಕೇಳುತ್ತಿರುವವರು ಲಾಗಿನ್ ಆಗಿದ್ದಾರೆಯೇ ಎಂಬುದನ್ನಷ್ಟೇ ಸರ್ವರ್ ನೋಡುತ್ತಿತ್ತು. ಕೇಳಿದ ದಾಖಲೆ ಅವರದೇ ಹೌದೇ ಎಂದು ನೋಡುತ್ತಿರಲಿಲ್ಲ. ಇದು ಅಪರೂಪದ ದೋಷವೇನಲ್ಲ. ವೆಬ್ ಅಪ್ಲಿಕೇಶನ್‌ಗಳ ಪ್ರಮುಖ ಅಪಾಯಗಳನ್ನು ಪಟ್ಟಿ ಮಾಡುವ ಓವಾಸ್ಪ್ ಸಂಸ್ಥೆಯ 2021ರ ಪಟ್ಟಿಯಲ್ಲಿ ಪ್ರವೇಶ ನಿಯಂತ್ರಣದ ವೈಫಲ್ಯಕ್ಕೇ ಮೊದಲ ಸ್ಥಾನ. ನಾನು ಅದನ್ನು ವರದಿಯ 17ನೆಯ ಪುಟದಲ್ಲಿ, ‘ತೀವ್ರ’ ಎಂಬ ಮುದ್ರೆಯೊಂದಿಗೆ, ಅದೇ ಮುದ್ರೆಯಿದ್ದ ಇನ್ನೂ ಎಂಟು ದೋಷಗಳ ನಡುವೆ ದಾಖಲಿಸಿ, ಹನ್ನೊಂದು ಮಂದಿಗೆ ಇಮೇಲ್ ಮಾಡಿ, ನನ್ನ ಕೆಲಸ ಮುಗಿಯಿತೆಂದುಕೊಂಡೆ.

ಉದ್ಘಾಟನೆಯ ದಿನಾಂಕ ಮುಂದೆ ಹೋಗಲಿಲ್ಲ. ಇಮೇಲ್ ತಲುಪಿದ ಹನ್ನೊಂದು ಮಂದಿಯಲ್ಲಿ ಪ್ರತಿಯೊಬ್ಬರೂ ಉಳಿದ ಹತ್ತು ಮಂದಿಯಲ್ಲಿ ಯಾರಾದರೂ ನೋಡಿಕೊಳ್ಳುತ್ತಾರೆಂದು ನಂಬಿದ್ದರು. ನಿರ್ದೇಶಕರ ಮೇಜಿಗೆ ಹೋದ ಟಿಪ್ಪಣಿಯಲ್ಲಿದ್ದದ್ದು ‘ಭದ್ರತಾ ಪರೀಕ್ಷೆ ಪೂರ್ಣಗೊಂಡಿದೆ’ ಎಂಬ ಒಂದೇ ಸಾಲು. ಆ ಸಾಲು ಸುಳ್ಳಾಗಿರಲಿಲ್ಲ ಎಂಬುದೇ ನನ್ನನ್ನು ಇಂದಿಗೂ ಕಾಡುತ್ತದೆ. ಸೇವೆ ಆರಂಭವಾದ ಎರಡನೆಯ ವಾರ ಅರ್ಜಿದಾರರೊಬ್ಬರು ದೂರು ವಿಭಾಗಕ್ಕೆ ಸೌಜನ್ಯದಿಂದಲೇ ಒಂದು ಪತ್ರ ಬರೆದರು: ತಮ್ಮ ಅರ್ಜಿ ಸಂಖ್ಯೆಯನ್ನು ಟೈಪ್ ಮಾಡುವಾಗ ಕೈತಪ್ಪಿ ಒಂದು ಅಂಕಿ ಬದಲಾಯಿತೆಂದೂ, ಪರಿಚಯವಿಲ್ಲದ ಕುಟುಂಬವೊಂದರ ವಿವರಗಳು ತಮಗೆ ಕಂಡವೆಂದೂ ಅದರಲ್ಲಿತ್ತು.

ಅಂದು ಸಂಜೆಯ ಸಭೆಯಲ್ಲಿ ಮೊದಲ ಅರ್ಧ ಗಂಟೆ ಕಳೆದದ್ದು ಪತ್ರ ಬರೆದವರ ಮೇಲೆ ಪೊಲೀಸರಿಗೆ ದೂರು ಕೊಡಬೇಕೇ ಎಂಬ ಚರ್ಚೆಯಲ್ಲಿ. ದೋಷ ತೋರಿಸಿದವರನ್ನೇ ಅಪರಾಧಿಯೆಂದು ನೋಡುವ ಈ ಅಭ್ಯಾಸ ಎಲ್ಲ ಕಚೇರಿಗಳಲ್ಲೂ ಇರಬಹುದೆಂದು ನನ್ನ ಊಹೆ. ಒಮ್ಮೆ ಹಾಗೆ ಮಾಡಿದರೆ ಮುಂದಿನ ಬಾರಿ ದೋಷ ಕಂಡವರು ನಮಗೆ ಬರೆಯುವುದಿಲ್ಲ, ಬೇರೆಲ್ಲಾದರೂ ಹೇಳಿಕೊಳ್ಳುತ್ತಾರೆ. ನಿರ್ದೇಶಕರು ಎಲ್ಲವನ್ನೂ ಕೇಳಿಸಿಕೊಂಡು, ಸೇವೆಯನ್ನು ಆಗಲೇ ನಿಲ್ಲಿಸುವಂತೆ ಹೇಳಿ, ಪತ್ರ ಬರೆದವರಿಗೆ ತಾವೇ ಫೋನ್ ಮಾಡಿ ಕೃತಜ್ಞತೆ ತಿಳಿಸಿದರು. ಆಮೇಲೆ ನನ್ನತ್ತ ತಿರುಗಿ, “ಇದು ನಿಮಗೆ ಮೊದಲೇ ಗೊತ್ತಿತ್ತೇ?” ಎಂದು ಕೇಳಿದರು. ವರದಿಯ 17ನೆಯ ಪುಟವನ್ನು ತೋರಿಸಿದೆ. “ಇದರಲ್ಲಿ ನಾನು ಏನನ್ನು ತೀರ್ಮಾನಿಸಬೇಕಿತ್ತು?” ಎಂದರು. ಹುಡುಕಿದೆ. ಅವರು ತೀರ್ಮಾನಿಸಬೇಕಾದದ್ದು ಏನೆಂದು ಆ 42 ಪುಟಗಳಲ್ಲಿ ಎಲ್ಲಿಯೂ ಬರೆದಿರಲಿಲ್ಲ.

ಐರ್ಲೆಂಡಿನ ಸಾರ್ವಜನಿಕ ಆರೋಗ್ಯ ಸೇವಾ ಸಂಸ್ಥೆಯ ಮೇಲೆ 2021ರಲ್ಲಿ ನಡೆದ ದಾಳಿಯ ಸ್ವತಂತ್ರ ಪರಿಶೀಲನಾ ವರದಿಯನ್ನು ನಾನು ಗಮನವಿಟ್ಟು ಓದಿದ್ದು ಈ ಘಟನೆಯ ಬಳಿಕವೇ. ಅಲ್ಲಿ ಮಾರ್ಚ್ 18ರಂದು ಒಬ್ಬ ಸಿಬ್ಬಂದಿ ಇಮೇಲಿನೊಂದಿಗೆ ಬಂದ ಎಕ್ಸೆಲ್ ಕಡತವೊಂದನ್ನು ತೆರೆದರು. ಒಳಹೊಕ್ಕ ದಾಳಿಕೋರರು ಸುಮಾರು ಎಂಟು ವಾರ ಒಳಗೇ ಓಡಾಡಿಕೊಂಡಿದ್ದು, ಮೇ 14ರ ಬೆಳಗಿನ ಜಾವ ಕಾಂಟಿ ಎಂಬ ರಾನ್ಸಮ್‌ವೇರನ್ನು, ಅಂದರೆ ಕಡತಗಳಿಗೆ ಬೀಗ ಜಡಿದು ಬಿಡಿಸಲು ಹಣ ಕೇಳುವ ತಂತ್ರಾಂಶವನ್ನು, ಚಾಲೂ ಮಾಡಿದರು. ಈ ಎಂಟು ವಾರಗಳಲ್ಲಿ ಎಚ್ಚರಿಕೆಗಳೇ ಬರಲಿಲ್ಲವೆಂದಲ್ಲ. ಮೊದಲು ಸೋಂಕು ತಗುಲಿದ ಕಂಪ್ಯೂಟರಿನಲ್ಲಿದ್ದ ಆಂಟಿವೈರಸ್ ಮಾರ್ಚ್ ಮುಗಿಯುವ ಮೊದಲೇ ಅನುಮಾನಾಸ್ಪದ ಚಟುವಟಿಕೆಯನ್ನು ಗುರುತಿಸಿತ್ತು, ಆದರೆ ಅದನ್ನು ತಡೆಯುವಂತೆ ಹೊಂದಿಸಿರದೆ ಬರೀ ಗಮನಿಸುವಂತೆ ಹೊಂದಿಸಲಾಗಿತ್ತು. ಅಷ್ಟು ದೊಡ್ಡ ಸಂಸ್ಥೆಯ ಉನ್ನತ ಆಡಳಿತದಲ್ಲಿ ಸೈಬರ್ ಭದ್ರತೆಗೆಂದೇ ಹೊಣೆ ಹೊತ್ತ ಒಬ್ಬ ಅಧಿಕಾರಿಯೂ ಇರಲಿಲ್ಲವೆಂದು ಆ ವರದಿ ಹೇಳಿತು. ತಂತ್ರಜ್ಞಾನದ ವಿವರಗಳಿಗಿಂತ ಆ ಮಾತು ನನಗೆ ಹೆಚ್ಚು ನಾಟಿತು, ಏಕೆಂದರೆ ನಮ್ಮಲ್ಲಿಯೂ ಎಚ್ಚರಿಕೆಗೆ ಕೊರತೆಯಿರಲಿಲ್ಲ. ಅದನ್ನು ತನ್ನದೆಂದು ಎತ್ತಿಕೊಳ್ಳುವ ಕೈ ಇರಲಿಲ್ಲ.

ವರದಿಗಳನ್ನು ಬರೆಯುವ ಪದ್ಧತಿಯನ್ನೇ ನಾವು ಬದಲಿಸಿದೆವು. ಪೂರ್ಣ ವರದಿ ಈಗಲೂ ತಾಂತ್ರಿಕ ತಂಡಕ್ಕೆ ಹೋಗುತ್ತದೆ; ನಿರ್ದೇಶಕರಿಗೆ ಹೋಗುವುದು ಒಂದೇ ಪುಟ. ಯಾವ ಸೇವೆಯಲ್ಲಿ ಏನು ತಪ್ಪಿದೆ, ಅದರಿಂದ ಯಾರಿಗೆ ಯಾವ ತೊಂದರೆಯಾಗಬಹುದು, ಸರಿಪಡಿಸಲು ಎಷ್ಟು ದಿನ ಬೇಕು ಎಂಬುದನ್ನು ಸಾಮಾನ್ಯ ಕನ್ನಡದಲ್ಲಿ ಬರೆಯುತ್ತೇವೆ. ಕೆಳಗೆ ಎರಡು ಸಾಲುಗಳಿರುತ್ತವೆ: ‘ಸರಿಪಡಿಸಿದ ಬಳಿಕವೇ ಆರಂಭಿಸತಕ್ಕದ್ದು’ ಮತ್ತು ‘ಈ ಅಪಾಯವನ್ನು ತಿಳಿದೂ ಆರಂಭಿಸಲು ಒಪ್ಪಿದ್ದೇನೆ’. ಯಾವುದಾದರೂ ಒಂದರ ಮುಂದೆ ನಿರ್ದೇಶಕರು ಸಹಿ ಹಾಕಬೇಕು. ಭದ್ರತಾ ವಿಭಾಗದವರು ಈ ಜಾಗದಲ್ಲಿ ಸಹಿ ಹಾಕುವಂತಿಲ್ಲ. ಸೇವೆ ಒಂದು ವಾರ ತಡವಾದರೆ ಜನರಿಗಾಗುವ ನಷ್ಟವೆಷ್ಟು, ದೋಷದೊಂದಿಗೇ ಆರಂಭವಾದರೆ ಆಗುವ ನಷ್ಟವೆಷ್ಟು ಎಂದು ತೂಗಿ ನೋಡುವ ಅಧಿಕಾರ ನಮ್ಮದಲ್ಲ. ತೂಗಲು ಬೇಕಾದದ್ದನ್ನು ಅವರ ಮುಂದಿಡುವುದಷ್ಟೇ ನಮ್ಮದು. ಎರಡನೆಯ ಸಾಲಿಗೆ ಸಹಿ ಬಿದ್ದ ಸಂದರ್ಭಗಳೂ ಇವೆ, ಅವುಗಳಲ್ಲಿ ಕೆಲವು ಸರಿಯಾದ ನಿರ್ಧಾರಗಳೇ ಆಗಿದ್ದವು. ಆದರೂ ‘ದಿನಾಂಕ ಬದಲಿಸಲಾಗದು’ ಎಂಬ ಮಾತು, ಪೆನ್ನು ಕೈಗೆ ಬಂದಾಗ, ಹಿಂದಿನಷ್ಟು ಗಟ್ಟಿಯಾಗಿ ಕೇಳಿಸುವುದಿಲ್ಲ.

ನಿರ್ಧಾರವನ್ನು ಜನರ ಮುಂದೆ ಹೇಳುವುದು ಇನ್ನೂ ಕಷ್ಟದ ಭಾಗ. ನಮ್ಮ ಪ್ರಕರಣದಲ್ಲಿ ಯಾರ ದಾಖಲೆಗಳು ಬೇರೆಯವರಿಗೆ ಕಂಡವೋ ಅವರಿಗೆಲ್ಲ ಪತ್ರ ಬರೆಯಬೇಕೆಂದು ನಿರ್ದೇಶಕರು ಹೇಳಿದಾಗ ಇಲಾಖೆಯ ಹೆಸರು ಕೆಡುತ್ತದೆಂದು ಹಲವರು ಹೆದರಿದರು. ಎಸ್ಟೋನಿಯಾ ದೇಶ 2017ರಲ್ಲಿ ಎದುರಿಸಿದ್ದು ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಸಂಕಟ: ಅಲ್ಲಿನ ಸುಮಾರು 7,60,000 ಗುರುತಿನ ಚೀಟಿಗಳ ಎಲೆಕ್ಟ್ರಾನಿಕ್ ಚಿಪ್‌ನಲ್ಲಿ, ಮಾಹಿತಿಯನ್ನು ಗುಟ್ಟಾಗಿಡುವ ಗೂಢಲಿಪಿಯ ಕೀಲಿಗೆ ಸಂಬಂಧಿಸಿದ ದೌರ್ಬಲ್ಯವಿರುವುದನ್ನು ಸಂಶೋಧಕರು ತಿಳಿಸಿದರು. ದುರುಪಯೋಗವಾದ ಒಂದು ಪ್ರಕರಣವೂ ಕಂಡುಬಂದಿರದಿದ್ದರೂ ಸರ್ಕಾರ ಸೆಪ್ಟೆಂಬರಿನ ಆರಂಭದಲ್ಲಿಯೇ ವಿಷಯವನ್ನು ಬಹಿರಂಗಪಡಿಸಿತು. ಚೀಟಿಗಳನ್ನು ದೂರದಿಂದಲೇ ನವೀಕರಿಸುವ ವ್ಯವಸ್ಥೆ ಮಾಡಿ, ನವೆಂಬರಿನಲ್ಲಿ ಬಾಧಿತ ಚೀಟಿಗಳಲ್ಲಿದ್ದ, ಆನ್‌ಲೈನಿನಲ್ಲಿ ಗುರುತನ್ನು ದೃಢಪಡಿಸುವ ಡಿಜಿಟಲ್ ಪ್ರಮಾಣಪತ್ರಗಳನ್ನು ಅಮಾನತುಗೊಳಿಸಿತು. ಈ ಉದಾಹರಣೆಯನ್ನು ನಾನು ಸಭೆಯಲ್ಲಿ ಹೇಳಿದೆ. ಅದರಿಂದ ಎಷ್ಟು ಮಂದಿ ಮನ ಬದಲಿಸಿದರೋ ತಿಳಿಯದು, ಪತ್ರಗಳಂತೂ ಹೋದವು. ಬಂದ ಮರುಪತ್ರಗಳಲ್ಲಿ ಬೈಗುಳ ನಾವು ಅಂದುಕೊಂಡದ್ದಕ್ಕಿಂತ ಕಡಿಮೆಯಿತ್ತು. ‘ಸೇವೆ ಮತ್ತೆ ಯಾವಾಗ ಆರಂಭ?’ ಎಂಬ ಪ್ರಶ್ನೆಯೇ ಹೆಚ್ಚಾಗಿತ್ತು.

ಹಂಚಿಕೊಂಡ ಪಾಸ್‌ವರ್ಡುಗಳ ವಿಷಯವನ್ನೂ ಹೇಳಬೇಕು. ಕೌಂಟರಿನ ಸಿಬ್ಬಂದಿ ಐದಾರು ಮಂದಿ ಒಂದೇ ಲಾಗಿನ್ ಬಳಸುತ್ತಿದ್ದುದನ್ನು ಕಂಡು ನಾನು ಎರಡು ಕಟುವಾದ ಸುತ್ತೋಲೆ ಹೊರಡಿಸಿದ್ದೆ, ಫಲ ಸೊನ್ನೆ. ನಿರ್ದೇಶಕರು ಅರ್ಧ ದಿನ ಕೌಂಟರಿನ ಹಿಂದೆ ಕುಳಿತು ನೋಡಿದಾಗ ಕಾರಣ ಹೊರಬಿತ್ತು: ಹೊಸಬರಿಗೆ ಸ್ವಂತ ಲಾಗಿನ್ ಸಿಗಲು ನಾಲ್ಕು ಅನುಮೋದನೆಗಳೂ ಸುಮಾರು ಮೂರು ವಾರಗಳೂ ಬೇಕಿದ್ದವು, ಅಷ್ಟು ದಿನ ಸಾಲಿನಲ್ಲಿ ನಿಂತವರು ಕಾಯುವುದಿಲ್ಲ. ಆ ನಾಲ್ಕು ಅನುಮೋದನೆಗಳಲ್ಲಿ ಎರಡನ್ನು ಸೇರಿಸಿದ್ದು ನಾನೇ. ಲಾಗಿನ್ ಅದೇ ದಿನ ಸಿಗುವಂತಾದ ಮೇಲೆ ಮೂರನೆಯ ಸುತ್ತೋಲೆ ಬೇಕಾಗಲಿಲ್ಲ. ಒಟಿಪಿಯಿಂದ ವಿನಾಯಿತಿ ಬೇಕೆಂದು ಕೇಳುತ್ತಿದ್ದ ಹಿರಿಯ ಅಧಿಕಾರಿಗಳ ಬಾಯಿಯೂ, ನಿರ್ದೇಶಕರು ಮೊದಲು ತಮ್ಮ ಖಾತೆಗೇ ಅದನ್ನು ಹಾಕಿಸಿಕೊಂಡ ಬಳಿಕ, ತಾನಾಗಿ ಮುಚ್ಚಿತು.

ಕಳೆದ ತಿಂಗಳು ಇನ್ನೊಂದು ಸೇವೆಯ ಒಂದು ಪುಟದ ಕಾಗದ ಮೇಲಕ್ಕೆ ಹೋಯಿತು. ದೋಷವೇನೂ ಉಳಿದಿರಲಿಲ್ಲವಾದ್ದರಿಂದ ಸಹಿ ಬೇಗ ಬೀಳುತ್ತದೆಂದು ಎಣಿಸಿದ್ದೆವು. ಕಾಗದ ಸಹಿಯಿಲ್ಲದೆ ಹಿಂತಿರುಗಿತು. ಅಂಚಿನಲ್ಲಿ ಪೆನ್ಸಿಲಿನಲ್ಲಿ ಒಂದು ಪ್ರಶ್ನೆಯಿತ್ತು: “ಇದು ಎರಡು ದಿನ ನಿಂತುಹೋದರೆ ಕೌಂಟರಿಗೆ ಬಂದವರ ಕೆಲಸ ಹೇಗೆ ನಡೆಯುತ್ತದೆ?” ನಮ್ಮಲ್ಲಿ ಉತ್ತರವಿರಲಿಲ್ಲ. ಆನ್‌ಲೈನಿಗೆ ಹೋಗುವ ಉತ್ಸಾಹದಲ್ಲಿ ಹಳೆಯ ಕಾಗದದ ಅರ್ಜಿ ನಮೂನೆಗಳನ್ನು ಹಿಂದಿನ ವರ್ಷವೇ ರದ್ದಿಗೆ ಹಾಕಿಬಿಟ್ಟಿದ್ದೆವು. ಈಗ ಆ ನಮೂನೆಯನ್ನು ಮತ್ತೆ ಸಿದ್ಧಪಡಿಸುತ್ತಿದ್ದೇವೆ. ಬ್ಯಾಕಪ್‌ನಿಂದ ಸೇವೆಯನ್ನು ಮರಳಿ ಎಬ್ಬಿಸುವ ಅಭ್ಯಾಸ ಮುಂದಿನ ಶನಿವಾರ ನಡೆಯಲಿದೆ, ಗಡಿಯಾರ ಹಿಡಿದು ಕೂರುವುದಾಗಿ ನಿರ್ದೇಶಕರು ತಿಳಿಸಿದ್ದಾರೆ.