ಮೋಟರ್‌ಹೋಮ್‌ನಲ್ಲಿ ಬೆಟ್ಟದ ಚಳಿಗೆ ಹೊರಟಿದ್ದೀರಾ? ಬೆಳಗಿನ ಜಾವದ ತಾಪಮಾನ ನೋಡಿಕೊಳ್ಳಿ

ಚಳಿಗಾಲದಲ್ಲಿ ಮೋಟರ್‌ಹೋಮ್, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವ ಗಾಡಿ, ತೆಗೆದುಕೊಂಡು ಬೆಟ್ಟದ ಕಡೆ ಹೊರಡುವಾಗ ನಾವು ರಸ್ತೆ ನೋಡಿದೆವು, ತಂಗುವ ಜಾಗ ನೋಡಿದೆವು. ಆ ಜಾಗದಲ್ಲಿ ಬೆಳಗಿನ ಜಾವ ಎಷ್ಟು ಡಿಗ್ರಿ ಇರುತ್ತದೆ ಅಂತ ಮಾತ್ರ ನೋಡಲಿಲ್ಲ. ನೀವು ಅದನ್ನೇ ಮೊದಲು ನೋಡಿ. ಗಾಡಿಯೊಳಗೆ ಯಾವ ಹೀಟರ್ ನಡೆಯುತ್ತದೆ ಅನ್ನೋದು ಅದರ ಮೇಲೆ ನಿಂತಿದೆ.

ನಾವು ಮೂವರು. ನಾನು, ಹೆಂಡತಿ, ಎಪ್ಪತ್ತು ದಾಟಿದ ಅಮ್ಮ. ಗಾಡಿಯ ಚಾವಣಿ ಮೇಲಿನ ಎಸಿಯಲ್ಲೇ ಹೀಟ್ ಪಂಪ್ ಇದೆ. ಕೆಳಗೆ ಗ್ಯಾಸ್ ಫರ್ನೇಸ್, ಅಂದರೆ ಗ್ಯಾಸ್ ಉರಿಸಿ ಬಿಸಿಗಾಳಿ ಕೊಡುವ ಹೀಟರ್, ಇದೆ. ಎಷ್ಟು ಡಿಗ್ರಿ ಬೇಕು ಅಂತ ಹೇಳುವ ಥರ್ಮೋಸ್ಟಾಟ್ ಎರಡಕ್ಕೂ ಒಂದೇ, ಗೋಡೆಯ ಮೇಲಿದೆ.

ಮೊದಲ ರಾತ್ರಿ ಬೆಟ್ಟದ ಬುಡದಲ್ಲಿ ತಂಗಿದೆವು. ಹೊರಗೆ 9 ಡಿಗ್ರಿ. ಕರೆಂಟ್‌ಗೆ ಕೇಬಲ್ ಸಿಕ್ಕಿಸಿ, ಥರ್ಮೋಸ್ಟಾಟ್ 20ಕ್ಕೆ ಇಟ್ಟೆ. ಅರ್ಧ ಗಂಟೆಯಲ್ಲಿ ಸ್ವೆಟರ್ ತೆಗೆದಿಟ್ಟೆವು. ಹೀಟ್ ಪಂಪ್ ಬಿಸಿಯನ್ನು ಹುಟ್ಟಿಸುವುದಿಲ್ಲ, ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಎಳೆದು ಒಳಗೆ ತರುತ್ತದೆ. ತಣ್ಣಗಿರುವ ಗಾಳಿಯಲ್ಲೂ ಶಾಖ ಇದ್ದೇ ಇರುತ್ತದೆ. ಹಾಗಾಗಿ ಇಂಥ ಹದವಾದ ಚಳಿಯಲ್ಲಿ, ಮಾಮೂಲಿ ಕಾಯಿಲ್ ಹೀಟರ್ ಅಷ್ಟೇ ಕರೆಂಟ್‌ಗೆ ಕೊಡುವ ಶಾಖದ ಎರಡರಷ್ಟು ಸಿಗುತ್ತದೆ. ಗ್ಯಾಸ್ ಒಂದು ಚೂರೂ ಖರ್ಚಾಗುವುದಿಲ್ಲ.

ಅಲ್ಲಿ ಒಂದೇ ಒಂದು ತೊಂದರೆ ಆಯಿತು. ನಮಗೆ ಕೊಟ್ಟಿದ್ದು 230 ವೋಲ್ಟ್, 10 ಆಂಪಿಯರ್ ಪಾಯಿಂಟ್. ಅಂದರೆ ಒಟ್ಟು 2300 ವ್ಯಾಟ್. ಹೀಟ್ ಪಂಪ್ ಓಡುತ್ತಿರುವಾಗಲೇ ಹೆಂಡತಿ ನೀರು ಕಾಯಿಸಲು ಕೆಟಲ್ ಹಾಕಿದಳು, ಬ್ರೇಕರ್ ಟ್ರಿಪ್ ಆಯಿತು. ಆಮೇಲೆ ಗ್ಯಾಸ್ ಒಲೆಯಲ್ಲೇ ನೀರು ಕಾಯಿಸಿಕೊಂಡೆವು.

ಮಾರನೇ ದಿನ 1200 ಮೀಟರ್ ಮೇಲೆ ಹತ್ತಿದೆವು. ಸಾವಿರ ಮೀಟರ್ ಹತ್ತಿದರೆ ತಾಪಮಾನ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಕೆಳಗೆ 9 ಇದ್ದರೆ ಮೇಲೆ ಒಂದೋ ಎರಡೋ. ಹೊರಡುವ ಮೊದಲೇ ಈ ಲೆಕ್ಕ ಹಾಕಬಹುದಿತ್ತು.

ರಾತ್ರಿ ಮೂರು ಗಂಟೆಗೆ ಅಮ್ಮ ಎಬ್ಬಿಸಿದರು. "ಏನೋ ಇದು, ಮೇಲಿಂದ ತಣ್ಣಗೆ ಗಾಳಿ ಬರ್ತಿದೆ!" ಕೈಯಿಟ್ಟು ನೋಡಿದೆ, ನಿಜ. ಹೊರಗೆ 1 ಡಿಗ್ರಿ. ನಾನು ಥರ್ಮೋಸ್ಟಾಟ್ 26ಕ್ಕೆ ಏರಿಸಿದೆ. ಏನೂ ಪ್ರಯೋಜನ ಆಗಲಿಲ್ಲ. ಆಗೋದೂ ಇಲ್ಲ. ಥರ್ಮೋಸ್ಟಾಟ್ ಎಲ್ಲಿಗೆ ನಿಲ್ಲಿಸಬೇಕು ಅಂತ ಹೇಳುತ್ತದೆಯೇ ಹೊರತು ಬೇಗ ಬಿಸಿ ಮಾಡು ಅಂತ ಹೇಳುವುದಿಲ್ಲ.

ಆಗಿದ್ದು ಇಷ್ಟು. ಚಳಿ ಹೆಚ್ಚಾದಂತೆ ಹೊರಗಿನ ಕಾಯಿಲ್ ಮೇಲೆ ಮಂಜು ಕಟ್ಟುತ್ತದೆ. ಅದನ್ನು ಕರಗಿಸಲು ಯಂತ್ರ ಕೆಲವು ನಿಮಿಷ ಉಲ್ಟಾ ಓಡುತ್ತದೆ, ಆಗ ಒಳಗೆ ಬಿಸಿ ಬರುವುದಿಲ್ಲ. ಮತ್ತೆ ಓಡಿದರೂ ಹೊರಗಿಂದ ಎಳೆಯಲು ಸಿಗುವ ಶಾಖ ಕಡಿಮೆ. ಚಾವಣಿಯ ಹೀಟ್ ಪಂಪ್‌ಗಳು ಸುಮಾರು 4-5 ಡಿಗ್ರಿಗಿಂತ ಕೆಳಗೆ ಸೊರಗುತ್ತವೆ. ಕೆಲವು ತಾವಾಗಿಯೇ ನಿಂತುಬಿಡುತ್ತವೆ. ಅದು ರಿಪೇರಿಯ ವಿಷಯ ಅಲ್ಲ, ಅದರ ಮಿತಿಯೇ ಅಷ್ಟು.

ಥರ್ಮೋಸ್ಟಾಟ್‌ನಲ್ಲಿ ಮೋಡ್ ಬದಲಿಸಿ ಫರ್ನೇಸ್ ಹಾಕಿದೆ. ನೆಲದ ಹತ್ತಿರದಿಂದ ಬಿಸಿಗಾಳಿ ಬಂತು. ಕಾಲು ಗಂಟೆಯಲ್ಲಿ ಅಮ್ಮ "ಈಗ ಕಾಲು ಬೆಚ್ಚಗಾಯ್ತು" ಅಂದರು. ಹೀಟ್ ಪಂಪ್‌ನಲ್ಲಿ ಇದೊಂದು ಕೊರತೆ. ಬಿಸಿಗಾಳಿ ಚಾವಣಿಯಿಂದ ಬಂದು ಮೇಲೆಯೇ ಉಳಿಯುತ್ತದೆ, ನೆಲ ತಣ್ಣಗೇ ಇರುತ್ತದೆ. ವಯಸ್ಸಾದವರಿದ್ದರೆ ನೆಲಕ್ಕೆ ದಪ್ಪ ಚಾಪೆ ಹಾಸಿ.

ಸೊನ್ನೆಗಿಂತ ಕೆಳಗೆ ಹೋಗುವ ಕಡೆ ಫರ್ನೇಸ್ ಬೇಕೇ ಬೇಕು ಅನ್ನಲು ಇನ್ನೂ ದೊಡ್ಡ ಕಾರಣ ಇದೆ. ತುಂಬ ಗಾಡಿಗಳಲ್ಲಿ ಫರ್ನೇಸ್‌ನ ಬಿಸಿಗಾಳಿಯ ಒಂದು ಪಾಲು ನೀರಿನ ಟ್ಯಾಂಕ್ ಇರುವ ಜಾಗಕ್ಕೂ ಹೋಗುತ್ತದೆ. ಹೀಟ್ ಪಂಪ್‌ನದು ಅಲ್ಲಿಗೆ ತಲುಪುವುದಿಲ್ಲ. ನೀವು ಒಳಗೆ ಬೆಚ್ಚಗೆ ಮಲಗಿದ್ದರೂ ಕೆಳಗೆ ಪೈಪ್ ಹೆಪ್ಪುಗಟ್ಟಿ ಒಡೆಯಬಹುದು. ಸಿಲಿಂಡರ್‌ನಲ್ಲಿ ಯಾವ ಗ್ಯಾಸ್ ಇದೆ ಅಂತಲೂ ಕೇಳಿಕೊಳ್ಳಿ. ಬರೀ ಬ್ಯೂಟೇನ್ ಆದರೆ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗದೆ ಕೈಕೊಡುತ್ತದೆ. ಪ್ರೊಪೇನ್ ಮೈನಸ್ 40ರವರೆಗೂ ಆವಿಯಾಗುತ್ತದೆ. ಫರ್ನೇಸ್‌ನ ಫ್ಯಾನ್ ಬ್ಯಾಟರಿಯಿಂದ ಓಡುತ್ತದೆ, ಅದಕ್ಕೆ ಚಾರ್ಜ್ ಇರಲಿ.

ಮೂರನೇ ರಾತ್ರಿ ಎಲ್ಲ ಹದಕ್ಕೆ ಬಂತು. ಸಂಜೆ ಹೀಟ್ ಪಂಪ್, 20 ಡಿಗ್ರಿ. ಮಲಗುವಾಗ ಫರ್ನೇಸ್‌ಗೆ ಬದಲಿಸಿ 17. ಬೆಳಿಗ್ಗೆ ಬಿಸಿಲು ಬಂದು ಹೊರಗೆ 6 ದಾಟಿದ ಮೇಲೆ ಮತ್ತೆ ಹೀಟ್ ಪಂಪ್. ನಿಮ್ಮದು ಹೀಟ್ ಪಂಪ್‌ನಿಂದ ಫರ್ನೇಸ್‌ಗೆ ತಾನೇ ಬದಲಿಸುವ ಥರ್ಮೋಸ್ಟಾಟ್ ಆಗಿದ್ದರೆ ಬೆಳಿಗ್ಗೆ ಒಂದೇ ಸಲ ನಾಲ್ಕೈದು ಡಿಗ್ರಿ ಏರಿಸಬೇಡಿ. ನೀವು ಇಟ್ಟ ಡಿಗ್ರಿಗೂ ಒಳಗಿನ ತಾಪಮಾನಕ್ಕೂ ಅಂತರ ಜಾಸ್ತಿ ಕಂಡರೆ ಕೆಲವು ಥರ್ಮೋಸ್ಟಾಟ್‌ಗಳು ಸೀದಾ ಗ್ಯಾಸ್ ಹಚ್ಚುತ್ತವೆ. ಒಂದೊಂದೇ ಡಿಗ್ರಿ ಏರಿಸಿದರೆ ಗ್ಯಾಸ್ ಉಳಿಯುತ್ತದೆ.

ನಮ್ಮ ಥರ್ಮೋಸ್ಟಾಟ್ ಇರುವುದು ಒಲೆಯ ಪಕ್ಕದಲ್ಲಿ. ಅಡುಗೆ ಮಾಡುವಾಗ ಅದಕ್ಕೆ ಸೆಕೆ ಹತ್ತಿ ಹೀಟರ್ ನಿಲ್ಲಿಸುತ್ತಿತ್ತು, ಹಿಂದೆ ಹಾಸಿಗೆಯ ಹತ್ತಿರ ಚಳಿಯೋ ಚಳಿ. ಒಂದು ಸಣ್ಣ ಥರ್ಮಾಮೀಟರ್ ದಿಂಬಿನ ಹತ್ತಿರ ಇಟ್ಟುಕೊಂಡೆ, ಆಮೇಲೆ ಅದನ್ನೇ ನಂಬಿದೆ. ಮುಂದಿನ ದೊಡ್ಡ ಗಾಜಿಗೆ ದಪ್ಪ ಪರದೆ ಹಾಕಿದ್ದೂ ತುಂಬ ಉಪಯೋಗಕ್ಕೆ ಬಂತು. ಉಸಿರಿನ ತೇವಕ್ಕೆ ಕಿಟಕಿಯೆಲ್ಲ ಬೆವರುತ್ತದೆ, ಚಾವಣಿಯ ಕಿಂಡಿ ಒಂದು ಬೆರಳಷ್ಟು ತೆರೆದಿಡಿ. ಕಾರ್ಬನ್ ಮೊನಾಕ್ಸೈಡ್ (ಗ್ಯಾಸ್ ಸರಿಯಾಗಿ ಉರಿಯದಾಗ ಹುಟ್ಟುವ ವಿಷಗಾಳಿ) ಅಲಾರಂ ಇಲ್ಲದೆ ಗ್ಯಾಸ್ ಹಚ್ಚಿ ಮಲಗಲೇಬೇಡಿ. ಬಿಸಿಗೆ ಅಂತ ಒಲೆ ಉರಿಸಿಡುವುದಂತೂ ಬೇಡವೇ ಬೇಡ.

ಹೊರಡುವ ವಾರ ಮನೆ ಮುಂದೆಯೇ ಒಂದು ರಾತ್ರಿ ಗಾಡಿಯಲ್ಲಿ ಮಲಗಿ ನೋಡಿ. ಎರಡೂ ಮೋಡ್ ಹಾಕಿ, ಫರ್ನೇಸ್ ಹತ್ತುತ್ತದಾ, ಫಿಲ್ಟರ್‌ನಲ್ಲಿ ಧೂಳು ಇದೆಯಾ ಅಂತ ನೋಡಿಕೊಳ್ಳಿ. ಕತ್ತಲಲ್ಲೂ ಥರ್ಮೋಸ್ಟಾಟ್ ಬದಲಿಸೋದು ಕೈಗೆ ಗೊತ್ತಿರಲಿ.