ಮೌನದ ಹಕ್ಕು ಮತ್ತು ಮೊಬೈಲಿನ ಪಾಸ್‌ವರ್ಡ್

ಅಪರಾಧದ ಆರೋಪ ಹೊತ್ತ ಯಾರನ್ನೂ ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಬಲವಂತಪಡಿಸಬಾರದು ಎನ್ನುತ್ತದೆ ಸಂವಿಧಾನದ 20(3)ನೇ ವಿಧಿ. ಈ ರಕ್ಷಣೆ ಎಲ್ಲಿಯವರೆಗೆ ಸಲ್ಲುತ್ತದೆ ಎಂಬ ತಕರಾರು ಮಾತ್ರ ಇನ್ನೂ ಮುಗಿದಿಲ್ಲ. 1961ರಲ್ಲಿ ಕಾಠಿ ಕಾಲು ಓಘಡ್ ಪ್ರಕರಣವನ್ನು ಆಲಿಸಿದ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠವು ಬೆರಳಚ್ಚು, ಕೈಬರಹದ ಮಾದರಿಗಳನ್ನು ಈ ರಕ್ಷಣೆಯಿಂದ ಹೊರಗಿಟ್ಟಿತು. ಅವು ಹೋಲಿಸಿ ನೋಡಲು ಬೇಕಾದ ವಸ್ತುಗಳೇ ಹೊರತು, ಆರೋಪಿಗೆ ಗೊತ್ತಿರುವುದನ್ನು ಹೊರಗೆಡಹುವ ಹೇಳಿಕೆಗಳಲ್ಲ ಎಂಬುದು ಅದರ ತರ್ಕ.

ಮಂಪರು ಪರೀಕ್ಷೆಯ ಪ್ರಶ್ನೆ ಇತ್ಯರ್ಥವಾದದ್ದು ನಮ್ಮ ರಾಜ್ಯವೇ ಪ್ರತಿವಾದಿಯಾಗಿದ್ದ ಸೆಲ್ವಿ ಪ್ರಕರಣದಲ್ಲಿ. ಔಷಧದ ಅಮಲಿನಲ್ಲಿ ಆಡಿದ ಮಾತು ಆಡಿದವನ ಇಚ್ಛೆಯಿಂದ ಹೊರಟದ್ದಲ್ಲವಾದ್ದರಿಂದ, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆಯನ್ನಾಗಲಿ, ಸುಳ್ಳು ಪತ್ತೆ ಪರೀಕ್ಷೆಯನ್ನಾಗಲಿ ನಡೆಸುವಂತಿಲ್ಲವೆಂದು 2010ರ ಮೇ 5ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಒಪ್ಪಿಗೆಯನ್ನು ಮ್ಯಾಜಿಸ್ಟ್ರೇಟರ ಮುಂದೆಯೇ ದಾಖಲಿಸಬೇಕು, ಆರೋಪಿಗೆ ವಕೀಲರ ನೆರವಿರಬೇಕು. ಆಗಲೂ ಪರೀಕ್ಷೆಯಲ್ಲಿ ಹೇಳಿದ್ದು ತಾನಾಗಿಯೇ ಸಾಕ್ಷ್ಯವಾಗದು, ಅದರ ನೆರವಿನಿಂದ ಪತ್ತೆಯಾದದ್ದನ್ನು ಮಾತ್ರ ಪರಿಗಣಿಸಬಹುದು. (ಪೊಲೀಸರ ವಶದಲ್ಲಿರುವವನ ಒಪ್ಪಿಗೆ ಎಷ್ಟು ಸ್ವಂತದ್ದು ಎಂಬ ಅನುಮಾನ ನನಗಂತೂ ಉಳಿದಿದೆ.)

ಈಗಿನ ಕಗ್ಗಂಟು ಮೊಬೈಲಿನದು. 2021ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್, ಪಾಸ್‌ವರ್ಡ್ ಅಥವಾ ಬೆರಳಚ್ಚು ಕೊಟ್ಟು ಫೋನ್ ತೆರೆಯುವಂತೆ ನಿರ್ದೇಶಿಸುವುದು ಸಾಕ್ಷ್ಯದ ಬಲವಂತವಾಗದು ಎಂದಿತು. ಶೋಧನೆಗೆ ಸಾಮಾನ್ಯವಾಗಿ ವಾರಂಟ್ ಬೇಕೆಂಬ ಎಚ್ಚರವನ್ನೂ ಅದೇ ತೀರ್ಪು ವಹಿಸಿದೆ. ಬೆರಳಿನ ಮಟ್ಟಿಗೆ ನನ್ನ ತಕರಾರಿಲ್ಲ, ಅದು 1961ರ ತರ್ಕದ ಒಳಗೇ ಕೂರುತ್ತದೆ. ಆದರೆ ಪಾಸ್‌ವರ್ಡ್ ಇರುವುದು ಆರೋಪಿಯ ನೆನಪಿನಲ್ಲಿ. ಅದನ್ನು ಹೇಳಿದರೆ ತನಗಷ್ಟೇ ಗೊತ್ತಿರುವ ಸಂಗತಿಯನ್ನು ಹೊರಗೆಡಹಿದಂತಾಗುತ್ತದೆ; ಆ ಫೋನು ತನ್ನ ಹಿಡಿತದಲ್ಲಿತ್ತೆಂದೂ ಪರೋಕ್ಷವಾಗಿ ಒಪ್ಪಿಕೊಂಡಂತಾಗುತ್ತದೆ. ದೆಹಲಿಯ ವಿಶೇಷ ಸಿಬಿಐ ನ್ಯಾಯಾಲಯವೊಂದು 2022ರಲ್ಲಿ ಬೆರಳಚ್ಚನ್ನೂ ಪಾಸ್‌ವರ್ಡನ್ನೂ ಬೇರ್ಪಡಿಸಿ, ಪಾಸ್‌ವರ್ಡ್ ಹೇಳುವಂತೆ ಒತ್ತಾಯಿಸಲಾಗದು ಎಂದು ಕಂಡುಕೊಂಡಿತು. ಅಧೀನ ನ್ಯಾಯಾಲಯದ ಆ ಅಭಿಪ್ರಾಯ ನಮ್ಮ ಹೈಕೋರ್ಟನ್ನು ಕಟ್ಟಿಹಾಕುವುದಿಲ್ಲ, ನಿಜ. ಆದರೂ ಸೆಲ್ವಿ ತೀರ್ಪಿಗೆ ಹತ್ತಿರವಿರುವುದು ಅದೇ ಎಂದು ನನ್ನ ಎಣಿಕೆ. ಆರೋಪಿ ಸಹಕರಿಸದಿದ್ದರೆ ತಜ್ಞರಿಂದ ಫೋನ್ ತೆರೆಸುವ ದಾರಿಯನ್ನು ಹೈಕೋರ್ಟಿನ ತೀರ್ಪೇ ತನಿಖಾಧಿಕಾರಿಗೆ ತೋರಿಸಿರುವಾಗ, ಆರೋಪಿಯ ಬಾಯಿ ಬಿಡಿಸಲೇಬೇಕೆಂಬ ಅನಿವಾರ್ಯ ನನಗೆ ಕಾಣುವುದಿಲ್ಲ.