ಮಧ್ಯಾಹ್ನ ಮೂರಕ್ಕೆ ನಿಲ್ಲುತ್ತಿದ್ದ ಕಂಪ್ಯೂಟರ್

"ಬೆಳಿಗ್ಗೆ ಚೆನ್ನಾಗೇ ಇರುತ್ತೆ ಸರ್. ಊಟ ಮಾಡಿ ಬಂದ ಮೇಲೆ ಸತಾಯಿಸೋಕೆ ಶುರು ಮಾಡುತ್ತೆ."

ಶಿವಮೊಗ್ಗದ ಒಂದು ಚಿಕ್ಕ ಪ್ರೆಸ್ಸಿನಲ್ಲಿ ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ, ಪುಟ ಜೋಡಿಸುವ ಕೆಲಸ) ಮಾಡುವ ಅಕ್ಕ ನನಗೆ ಮೊದಲ ದಿನವೇ ಹೇಳಿದ ಮಾತಿದು. ಅದು ನನ್ನ ತಲೆಗೆ ಹೋಗಿದ್ದು ಮೂರನೇ ಸಲ ಅಲ್ಲಿಗೆ ಹೋದಾಗ. ಅಷ್ಟರಲ್ಲಿ ಪ್ರೆಸ್ಸಿನ ಯಜಮಾನರಿಗೆ 8 ಜಿಬಿ ರ‍್ಯಾಮ್‌ನ ಖರ್ಚು ಬಿದ್ದಿತ್ತು. ಎರಡು ಸಲ ಫಾರ್ಮ್ಯಾಟ್ ಆಗಿತ್ತು. ವೈಶಾಖದ ಮದುವೆ ಸೀಸನ್ನಿನಲ್ಲಿ ಎರಡು ದಿನದ ಲಗ್ನಪತ್ರಿಕೆ ಕೆಲಸ ಹಿಂದೆ ಬಿದ್ದಿತ್ತು. ನಾನು ಹದಿನಾಲ್ಕು ವರ್ಷದಿಂದ ಕಂಪ್ಯೂಟರ್ ಸರ್ವಿಸ್ ಮಾಡುತ್ತಿದ್ದೇನೆ. ಈ ಒಂದು ಕೇಸು ನನ್ನ ಕೆಲಸದ ರೀತಿಯನ್ನೇ ಬದಲಾಯಿಸಿತು. ಅದಕ್ಕೇ ಬರೆಯುತ್ತಿದ್ದೇನೆ.

ತೊಂದರೆ ಹೀಗಿತ್ತು. ಮೊದಲು ಫೋಲ್ಡರ್ ತೆರೆಯುವುದು ನಿಧಾನ ಆಗುತ್ತಿತ್ತು. ಆಮೇಲೆ ರೈಟ್ ಕ್ಲಿಕ್ ಮಾಡಿದರೆ ಮೆನು ಬರುತ್ತಿತ್ತು, ಆದರೆ ಅದರಲ್ಲಿ ಅಕ್ಷರವೇ ಇರುತ್ತಿರಲಿಲ್ಲ, ಬರೀ ಬಿಳಿ ಚೌಕ. ಐಕಾನ್‌ಗಳು ಒಂದೊಂದಾಗಿ ಕಪ್ಪಾಗುತ್ತಿದ್ದವು. ಕೊನೆಗೆ ಕೆಳಗಿನ ಟಾಸ್ಕ್‌ಬಾರ್ ಕೂಡ ಹೆಪ್ಪುಗಟ್ಟಿದ ಹಾಗೆ ನಿಂತುಬಿಡುತ್ತಿತ್ತು. ಮೌಸ್ ಬಾಣ ಮಾತ್ರ ಆರಾಮಾಗಿ ಓಡಾಡುತ್ತಿತ್ತು. ಅಕ್ಕ ಪವರ್ ಬಟನ್ ಒತ್ತಿ ಹಿಡಿಯುತ್ತಿದ್ದರು. ಸೇವ್ ಮಾಡದ ಕೆಲಸ ಅಲ್ಲಿಗೆ ಮುಗಿಯಿತು.

ಮೊದಲ ಸಲ ಹೋದಾಗ ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ. ಧೂಳು ಹೊಡೆದೆ. ಆಂಟಿವೈರಸ್ ಓಡಿಸಿದೆ. ರ‍್ಯಾಮ್ ಸಾಲದು ಅಂದೆ. ಹಾಗೆ ಹೇಳುವಾಗ ಮೆಮೊರಿ ಎಷ್ಟು ಬಳಕೆಯಲ್ಲಿದೆ ಅಂತ ನೋಡಿರಲಿಲ್ಲ. ಆಮೇಲೆ ನೋಡಿದರೆ ಅರ್ಧಕ್ಕಿಂತ ಕಡಿಮೆ. ಅಂದರೆ ಆ ರ‍್ಯಾಮ್ ಬೇಕಾಗಿಯೇ ಇರಲಿಲ್ಲ. ಯಜಮಾನರು ಒಂದು ಮಾತೂ ಆಡದೆ ದುಡ್ಡು ಕೊಟ್ಟಿದ್ದರು. ಅದು ನನಗೆ ಇವತ್ತಿಗೂ ಚುಚ್ಚುತ್ತದೆ.

ಎರಡನೇ ಸಲ ಫಾರ್ಮ್ಯಾಟ್ ಮಾಡಿದೆ. ಅದಕ್ಕೂ ಮುಂಚೆ ಬೇರೆ ಯಾರೋ ಒಮ್ಮೆ ಮಾಡಿದ್ದರಂತೆ. ವಿಂಡೋಸ್ 10 ಹೊಸದಾಗಿ ಹಾಕಿ, ಡಿ ಡ್ರೈವಿನಲ್ಲಿದ್ದ 'ಸಾಫ್ಟ್‌ವೇರ್' ಅನ್ನುವ ಫೋಲ್ಡರ್ ತೆರೆದು, ಅದರಲ್ಲಿದ್ದುದನ್ನೆಲ್ಲ ಸಾಲಾಗಿ ಇನ್‌ಸ್ಟಾಲ್ ಮಾಡಿದೆ. ನುಡಿ, ಬರಹ, ಡಿಸೈನ್ ಪ್ಯಾಕೇಜು, ಪ್ರಿಂಟರ್ ಡ್ರೈವರ್, ಇನ್ನೂ ಒಂದಷ್ಟು ಚಿಕ್ಕಪುಟ್ಟ ಟೂಲ್. ಸಂಜೆ ಆರಕ್ಕೆ ಕಂಪ್ಯೂಟರ್ ಹೂವಿನ ಹಾಗೆ ಓಡುತ್ತಿತ್ತು. ಮರುದಿನ ಮೂರೂವರೆಗೆ ಫೋನ್ ಬಂತು. ಮತ್ತೆ ಅದೇ ಕತೆ.

ಮೂರನೇ ಸಲ ಸ್ಕ್ರೂಡ್ರೈವರನ್ನು ಬ್ಯಾಗಿನಿಂದ ಹೊರಗೇ ತೆಗೆಯಲಿಲ್ಲ. ಸುಮ್ನೆ ಅಕ್ಕನ ಪಕ್ಕ ಒಂದು ಸ್ಟೂಲ್ ಹಾಕಿಕೊಂಡು ಕೂತೆ. ಅವರ ಕೆಲಸ ನೋಡುತ್ತಾ ಕೂತೆ, ಅಷ್ಟೇ.

ಗಿರಾಕಿ ಬಂದು "ಹೋದ ವರ್ಷ ನಮ್ಮ ಭಾವನ ಮನೆ ಮದುವೆಗೆ ಮಾಡಿದ್ರಲ್ಲ, ಅದೇ ತರ ಮಾಡಿಕೊಡಿ" ಅನ್ನುತ್ತಾರೆ. ಅಕ್ಕ ಹಳೇ ಕಾರ್ಡುಗಳ ಫೋಲ್ಡರ್ ತೆರೆಯುತ್ತಾರೆ. ನೂರಾರು ಫೈಲು. ಪ್ರತಿ ಫೈಲಿನ ಐಕಾನಿನಲ್ಲೂ ಆ ಕಾರ್ಡಿನ ಪುಟ್ಟ ಚಿತ್ರ. ಕಣ್ಣಾಡಿಸಿ, ಬೇಕಾದ್ದನ್ನು ಹಿಡಿದು, ಇನ್ನೊಂದು ಫೋಲ್ಡರಿಗೆ ಹೋಗುತ್ತಾರೆ. ದಿನಕ್ಕೆ ಇಂಥ ಫೋಲ್ಡರನ್ನು ಅವರು ನಾನು ಅಂದುಕೊಂಡಿದ್ದಕ್ಕಿಂತ ತುಂಬಾ ಜಾಸ್ತಿ ಸಲ ತೆರೆಯುತ್ತಾರೆ.

ಆಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ, ಯಾವ ಪ್ರೋಗ್ರಾಮ್ ಎಷ್ಟು ದುಡಿಯುತ್ತಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದೆ. ವಿಂಡೋಸ್ ಎಕ್ಸ್‌ಪ್ಲೋರರ್ (ಫೋಲ್ಡರ್ ತೋರಿಸುವ ಪ್ರೋಗ್ರಾಮ್) ಎದುರಿಗೆ ಸಿಪಿಯು, ಅಂದರೆ ಕಂಪ್ಯೂಟರಿನ ಮಿದುಳು, 25%. "ಕಾಲು ಭಾಗ ತಾನೇ, ಇನ್ನೂ ಮುಕ್ಕಾಲು ಖಾಲಿ ಇದೆಯಲ್ಲ" ಅಂದರು ಯಜಮಾನರು. ನೋಡಿದವರಿಗೆ ಹಾಗೇ ಅನಿಸುತ್ತದೆ. ಆದರೆ ಆ ಕಂಪ್ಯೂಟರಿನ ಸಿಪಿಯುನಲ್ಲಿ ದುಡಿಯುವ ಕೈ, ಅಂದರೆ ಕೋರ್, ನಾಲ್ಕು. ನಾಲ್ಕರಲ್ಲಿ ಒಂದು ಪೂರ್ತಿ ಬಿಡುವಿಲ್ಲದೆ ದುಡಿಯುತ್ತಿದ್ದರೆ ಕಾಣುವುದೇ 25. ನಾಲ್ಕು ಕೋರಿನ ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಮ್ 25ಕ್ಕೆ ಅಂಟಿಕೊಂಡು ನಿಂತಿದ್ದರೆ, ಅದು ಎಲ್ಲೋ ಒಂದು ಕಡೆ ಗಾಣದ ಎತ್ತಿನ ಹಾಗೆ ಸುತ್ತುತ್ತಿದೆ ಅಂತ ಮೊದಲು ಅನುಮಾನಪಡಬೇಕು.

ಆದರೆ ಸಿಪಿಯು ಒಂದೇ ಕಾರಣವಾಗಿದ್ದರೆ ಮೆನುವಿನ ಅಕ್ಷರ ಯಾಕೆ ಮಾಯವಾಗಬೇಕು? ಐಕಾನ್ ಯಾಕೆ ಕಪ್ಪಾಗಬೇಕು? ಆ ಬಿಳಿ ಚೌಕ ನೋಡುತ್ತಿದ್ದಾಗ ಎಂದೋ ಓದಿದ್ದು ನೆನಪಾಯಿತು. ವಿಂಡೋಸಿನಲ್ಲಿ ಒಂದು ಪ್ರೋಗ್ರಾಮ್ ಪರದೆಯ ಮೇಲೆ ಏನಾದರೂ ಬಿಡಿಸಬೇಕಾದರೆ ಸಾಮಾನ್ಯವಾಗಿ ಬ್ರಷ್, ಫಾಂಟ್, ಚಿತ್ರ ಹೀಗೆ ಚಿಕ್ಕ ಚಿಕ್ಕ ಸಾಮಾನುಗಳನ್ನು ಸಿಸ್ಟಮ್ಮಿನಿಂದ ಕೇಳಿ ತೆಗೆದುಕೊಳ್ಳಬೇಕು. ಅವಕ್ಕೆ ಜಿಡಿಐ ಆಬ್ಜೆಕ್ಟ್ಸ್ ಅನ್ನುತ್ತಾರೆ. ಕೆಲಸ ಮುಗಿದ ಮೇಲೆ ವಾಪಸ್ ಕೊಡಬೇಕು. ಒಂದು ಪ್ರೋಗ್ರಾಮಿಗೆ ಒಂದು ಹೊತ್ತಿಗೆ 10,000 ಮಾತ್ರ ಸಿಗುವ ಹಾಗೆ ವಿಂಡೋಸ್ ಮಿತಿ ಇಟ್ಟಿದೆ. ತೆಗೆದುಕೊಂಡು ವಾಪಸ್ ಕೊಡದೇ ಹೋದರೆ ಲೆಕ್ಕ ಏರುತ್ತಾ ಏರುತ್ತಾ ಒಂದು ದಿನ ಮಿತಿಗೆ ತಾಗುತ್ತದೆ. ಆಮೇಲೆ ಹೊಸದಾಗಿ ಒಂದು ಅಕ್ಷರ ಬಿಡಿಸುವುದಕ್ಕೂ ಸಾಮಾನಿಲ್ಲ. ಇದಕ್ಕೂ ರ‍್ಯಾಮ್ ಎಷ್ಟಿದೆ ಅನ್ನುವುದಕ್ಕೂ ಸಂಬಂಧವಿಲ್ಲ. ನಾನು ಹಾಕಿದ 8 ಜಿಬಿ ಅಲ್ಲ, 80 ಜಿಬಿ ಹಾಕಿದ್ದರೂ ಅಷ್ಟೇ.

ಇದನ್ನು ನೋಡುವುದು ಸುಲಭ. ಟಾಸ್ಕ್ ಮ್ಯಾನೇಜರಿನಲ್ಲಿ ಡೀಟೇಲ್ಸ್ ಅನ್ನುವ ಕಡೆ ಹೋಗಿ, ಮೇಲಿನ ಕಾಲಮ್ ಹೆಸರುಗಳ ಮೇಲೆ ರೈಟ್ ಕ್ಲಿಕ್ ಮಾಡಿ, ಸೆಲೆಕ್ಟ್ ಕಾಲಮ್ಸ್ ಒತ್ತಿ, ಜಿಡಿಐ ಆಬ್ಜೆಕ್ಟ್ಸ್ ಅನ್ನುವುದಕ್ಕೆ ಟಿಕ್ ಹಾಕಿದರೆ ಆಯಿತು. ಹಾಕಿದೆ. ಎಕ್ಸ್‌ಪ್ಲೋರರ್ ಎದುರಿಗೆ ಒಂಬತ್ತು ಸಾವಿರದ ಚಿಲ್ಲರೆ. ಎದೆ ಧಸಕ್ಕೆಂದಿತು.

ಆದರೂ ಒಂದು ಸಲ ನೋಡಿ ತೀರ್ಮಾನ ಮಾಡಬಾರದು ಅಂತ ಆ ಹೊತ್ತಿಗೆ ಬುದ್ಧಿ ಬಂದಿತ್ತು. ಅಕ್ಕನಿಗೆ ಆ ಕಾಲಮ್ ತೋರಿಸಿ, "ನಾಳೆ ಇದನ್ನು ಆಗಾಗ ಬರೆದಿಡ್ತೀರಾ ಅಕ್ಕ?" ಅಂತ ಕೇಳಿದೆ. ಅವರು ಆರ್ಡರ್ ಬುಕ್ಕಿನ ಹಿಂದಿನ ಪುಟದಲ್ಲಿ ನೀಲಿ ಪೆನ್ನಿನಲ್ಲಿ ಗೀಟು ಹಾಕಿ ಬರೆದಿಟ್ಟಿದ್ದರು. 9:30ಕ್ಕೆ 900. 11ಕ್ಕೆ 3,100. 1 ಗಂಟೆಗೆ 5,800. ಅದರ ಮುಂದೆ ಅವರೇ 'ಊಟ' ಅಂತ ಬರೆದಿದ್ದರು. ವಾಪಸ್ ಬಂದಾಗಲೂ 5,800, ಒಂದೂ ಏರಿಲ್ಲ, ಒಂದೂ ಇಳಿದಿಲ್ಲ. 3ಕ್ಕೆ 8,700. 3:40ಕ್ಕೆ 'ನಿಂತಿತು'.

ಆ ಪುಟದಲ್ಲಿ ನನಗೆ ಎಲ್ಲಕ್ಕಿಂತ ಬೆಲೆಬಾಳಿದ್ದು ಊಟದ ಸಾಲು. ಕಂಪ್ಯೂಟರ್ ಆನ್ ಇದ್ದರೂ ಯಾರೂ ಮುಟ್ಟದಿದ್ದಾಗ ಲೆಕ್ಕ ಏರುವುದಿಲ್ಲ. ಅಂದರೆ ಬಿಸಿ ಅಲ್ಲ, ವೈರಸ್ ಅಲ್ಲ, ಹಿಂದೆ ತಾನಾಗಿ ಓಡುವ ಯಾವುದೋ ಕೆಲಸವೂ ಅಲ್ಲ. ಅಕ್ಕ ಮಾಡುವ ಯಾವುದೋ ಒಂದು ಕೆಲಸಕ್ಕೆ ಇದು ಏರುತ್ತಿದೆ. ಒಂದು ಫೋಲ್ಡರ್ ತೆರೆದು ನೋಡಿದೆವು. ಅದರಲ್ಲಿ 212 ಫೈಲು. ಲೆಕ್ಕ ನಾನೂರಕ್ಕಿಂತ ಸ್ವಲ್ಪ ಜಾಸ್ತಿ ಏರಿತು. ಫೋಲ್ಡರ್ ಮುಚ್ಚಿದೆವು. ಇಳಿಯಲಿಲ್ಲ. ಮತ್ತೆ ತೆರೆದೆವು. ಮತ್ತೆ ನಾನೂರು. ಒಂದು ಫೈಲಿಗೆ ಎರಡರ ಹಾಗೆ ಸೋರುತ್ತಿತ್ತು.

ಇಲ್ಲಿ ಒಂದು ವಿಷಯ ಗೊತ್ತಿರಬೇಕು. ಎಕ್ಸ್‌ಪ್ಲೋರರ್ ಅಂದರೆ ಬರೀ ಫೋಲ್ಡರ್ ತೋರಿಸುವ ಕಿಟಕಿ ಅಲ್ಲ. ಡೆಸ್ಕ್‌ಟಾಪಿನ ಐಕಾನ್‌ಗಳು, ಕೆಳಗಿನ ಟಾಸ್ಕ್‌ಬಾರ್, ಫೋಲ್ಡರುಗಳು, ಸಾಮಾನ್ಯವಾಗಿ ಎಲ್ಲವೂ ಅದೇ ಒಂದು ಪ್ರೋಗ್ರಾಮ್. ವಿಂಡೋಸ್ 95ರ ಕಾಲದಿಂದಲೂ ಬೇರೆ ಕಂಪನಿಗಳ ಸಾಫ್ಟ್‌ವೇರ್ ಅದರೊಳಗೆ ಬಂದು ಕೂರಬಹುದು. ರೈಟ್ ಕ್ಲಿಕ್ ಮೆನುವಿನಲ್ಲಿ ಜಿಪ್ ಮಾಡುವ ಸಾಲು ಬರುವುದು, ಐಕಾನಿನ ಮೇಲೆ ಹಸಿರು ಟಿಕ್ ಬರುವುದು, ಎಲ್ಲ ಹೀಗೇ. ಇವಕ್ಕೆ ಶೆಲ್ ಎಕ್ಸ್‌ಟೆನ್ಶನ್ ಅನ್ನುತ್ತಾರೆ. ಮನೆಯೊಳಗೆ ಬಂದ ನೆಂಟ ನಲ್ಲಿ ತೆರೆದಿಟ್ಟು ಮರೆತರೆ ಖಾಲಿಯಾಗುವುದು ಮನೆಯ ಟ್ಯಾಂಕು. ಟಾಸ್ಕ್ ಮ್ಯಾನೇಜರ್ ನೋಡಿದರೆ ಹೆಸರು ಬರುವುದು ಎಕ್ಸ್‌ಪ್ಲೋರರಿನದ್ದೇ. ನೆಂಟನ ಹೆಸರು ಅಲ್ಲೆಲ್ಲೂ ಕಾಣುವುದಿಲ್ಲ.

ನೆಂಟರ ಪಟ್ಟಿ ನೋಡಲು ನಿರ್‌ಸಾಫ್ಟ್‌ನ ಶೆಲ್‌ಎಕ್ಸ್‌ವ್ಯೂ ಅನ್ನುವ ಉಚಿತ ಟೂಲ್ ಇದೆ. 64 ಬಿಟ್ ವಿಂಡೋಸಿಗೆ ಅದರ 64 ಬಿಟ್ ಆವೃತ್ತಿಯನ್ನೇ ತೆಗೆದುಕೊಳ್ಳಿ. ಮೈಕ್ರೋಸಾಫ್ಟ್‌ನದಲ್ಲದ ಸಾಲುಗಳನ್ನು ಅದು ಗುಲಾಬಿ ಬಣ್ಣದಲ್ಲಿ ತೋರಿಸುತ್ತದೆ. ಇಲ್ಲಿ ಅಂಥ ಮೂವತ್ತರಷ್ಟಿದ್ದವು. ಎಲ್ಲವನ್ನೂ ನಿಲ್ಲಿಸಿ, ಎಕ್ಸ್‌ಪ್ಲೋರರ್ ರೀಸ್ಟಾರ್ಟ್ ಮಾಡಿ, ಅದೇ 212 ಫೈಲಿನ ಫೋಲ್ಡರ್ ತೆರೆದು ಮುಚ್ಚಿದೆವು. ಲೆಕ್ಕ ಸ್ವಲ್ಪ ಏರಿ, ಇಳಿದು, ಅಲ್ಲೇ ನಿಂತಿತು. ಅಲ್ಲಿಗೆ ಕಳ್ಳ ಇವರಲ್ಲೇ ಒಬ್ಬ ಅನ್ನುವುದು ಖಾತ್ರಿ ಆಯಿತು.

ಆಮೇಲೆ ಒಂದೊಂದನ್ನೇ ನೋಡುತ್ತಾ ಕೂರಬೇಕಿಲ್ಲ. ಅರ್ಧವನ್ನು ಮತ್ತೆ ಚಾಲೂ ಮಾಡಿ. ಸೋರಿದರೆ ಕಳ್ಳ ಆ ಅರ್ಧದಲ್ಲಿದ್ದಾನೆ, ಸೋರದಿದ್ದರೆ ಇನ್ನೊಂದರಲ್ಲಿ. ಅದನ್ನು ಮತ್ತೆ ಅರ್ಧ ಮಾಡಿ. ಐದು ಸುತ್ತಿಗೆ ಒಂದೇ ಸಾಲು ಉಳಿಯಿತು. ಎಲ್ಲ ಸೇರಿ ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ.

ಅದು ಡಿಸೈನ್ ಫೈಲಿನ ಚಿತ್ರವನ್ನು ಐಕಾನಿನಲ್ಲೇ ತೋರಿಸುವ ಹಳೇ ಪುಟ್ಟ ಟೂಲ್. ಡಿ ಡ್ರೈವಿನ 'ಸಾಫ್ಟ್‌ವೇರ್' ಫೋಲ್ಡರಿನಲ್ಲಿದ್ದದ್ದು. ಫಾರ್ಮ್ಯಾಟ್ ಮಾಡಿದ ದಿನ ಸಂಜೆ ಅದನ್ನು ನನ್ನ ಕೈಯಾರೆ ಮತ್ತೆ ಹಾಕಿದ್ದೆ.

ಅದಾದ ಮೇಲೆ ನಾನು ಯಾವ ಕಂಪ್ಯೂಟರನ್ನೂ ಕಾರಣ ಗೊತ್ತಾಗದೆ ಫಾರ್ಮ್ಯಾಟ್ ಮಾಡಿಲ್ಲ. ಫಾರ್ಮ್ಯಾಟ್ ಮಾಡಿದರೆ ಕಾಯಿಲೆಯ ಜೊತೆ ಕಾಯಿಲೆಯ ಗುರುತೂ ಅಳಿಸಿಹೋಗುತ್ತದೆ. ಅದೇ ಫೋಲ್ಡರಿನಿಂದ ಅದೇ ಸಾಮಾನು ವಾಪಸ್ ಬಂದಾಗ ಕಾಯಿಲೆಯೂ ಬರುತ್ತದೆ. ಅಷ್ಟರಲ್ಲಿ ನಾವು ದುಡ್ಡು ಇಸಿದುಕೊಂಡು ಮನೆಗೆ ಹೋಗಿರುತ್ತೇವೆ. ಗಿರಾಕಿ ನಮ್ಮನ್ನು ನಂಬಿ ಬಾಗಿಲು ತೆರೆದಿರುತ್ತಾರೆ, ಅಲ್ವಾ? ಈ ಕೆಲಸದಲ್ಲಿರುವ ಹುಡುಗರಿಗೆ ನಾನು ಈಗ ಇದನ್ನೇ ಹೇಳುತ್ತೇನೆ. ಮೊದಲ ಅರ್ಧ ಗಂಟೆ ಕಂಪ್ಯೂಟರ್ ಮುಟ್ಟಬೇಡಿ, ಅದರ ಮುಂದೆ ದಿನವಿಡೀ ಕೂರುವವರ ಮಾತು ಕೇಳಿ. ಯಾವಾಗ ನಿಲ್ಲುತ್ತದೆ, ಏನು ಮಾಡಿದಾಗ ನಿಲ್ಲುತ್ತದೆ, ನಿಲ್ಲುವ ಮುಂಚೆ ಏನು ಕಾಣುತ್ತದೆ. ಇವು ಮೂರಕ್ಕೂ ಉತ್ತರ ಅವರ ಹತ್ತಿರ ಇರುತ್ತದೆ.

ಹೀಗೆ ನಿಂತುಹೋದಾಗ ಪವರ್ ಬಟನ್ ಒತ್ತಬೇಡಿ ಅಂತಲೂ ಅಕ್ಕನಿಗೆ ಹೇಳಿಕೊಟ್ಟೆ. 10,000ದ ಮಿತಿ ಒಂದೊಂದು ಪ್ರೋಗ್ರಾಮಿಗೂ ಬೇರೆ ಬೇರೆ. ಎಕ್ಸ್‌ಪ್ಲೋರರ್ ಸತ್ತಿದ್ದರೂ ಡಿಸೈನ್ ಮಾಡುತ್ತಿದ್ದ ಪ್ರೋಗ್ರಾಮ್ ಬದುಕಿರುತ್ತದೆ. ಆಲ್ಟ್ ಮತ್ತು ಟ್ಯಾಬ್ ಒತ್ತಿ ಅದಕ್ಕೆ ಹೋಗಿ, ಕಂಟ್ರೋಲ್ ಮತ್ತು ಎಸ್ ಒತ್ತಿ ಸೇವ್ ಮಾಡಬಹುದು. ಆಮೇಲೆ ಟಾಸ್ಕ್ ಮ್ಯಾನೇಜರಿನಲ್ಲಿ ವಿಂಡೋಸ್ ಎಕ್ಸ್‌ಪ್ಲೋರರ್ ಹಿಡಿದು ರೀಸ್ಟಾರ್ಟ್ ಒತ್ತಿದರೆ ಟಾಸ್ಕ್‌ಬಾರ್ ಒಮ್ಮೆ ಮಾಯವಾಗಿ ಮತ್ತೆ ಬರುತ್ತದೆ. ಇದು ಮೊದಲೇ ಗೊತ್ತಿದ್ದಿದ್ದರೆ ಎಷ್ಟು ಲಗ್ನಪತ್ರಿಕೆ ಉಳಿಯುತ್ತಿತ್ತೋ.

ಎಲ್ಲ ಹೆಪ್ಪುಗಟ್ಟುವಿಕೆಗೂ ಇದೇ ಕಾರಣ ಅಂತಲ್ಲ. ಹಳೇ ಹಾರ್ಡ್ ಡಿಸ್ಕ್ 100% ಅಂತ ತೋರಿಸುತ್ತಾ ನಿಂತಿದ್ದರೆ ಅದು ಬೇರೆ ಕತೆ. ತೆಗೆದುಹಾಕಿದ ಸರ್ವರಿನ ದಾರಿ ಫೋಲ್ಡರ್ ಕಿಟಕಿಯ ಎಡಗಡೆಯ ಕ್ವಿಕ್ ಆಕ್ಸೆಸ್‌ನಲ್ಲಿ ಉಳಿದಿದ್ದರೂ ಫೋಲ್ಡರ್ ತೆರೆಯುವಾಗ ಒದ್ದಾಡುತ್ತದೆ. ನಾನು ನೋಡಿಕೊಳ್ಳುವ ಒಂದು ಶಾಲೆಯಲ್ಲಿ ವಿಂಡೋಸ್ ಬದಲು ಉಬುಂಟು ಇದೆ. ಅಲ್ಲಿ ಡೆಸ್ಕ್‌ಟಾಪ್ ತೋರಿಸುವ ಗ್ನೋಮ್ ಶೆಲ್ ಕೂಡ ಇದೇ ಜಾತಿ. ಎಕ್ಸ್‌ಟೆನ್ಶನ್‌ಗಳು ಅದರ ಹೊಟ್ಟೆಯೊಳಗೇ ಓಡುತ್ತವೆ. ಅಲ್ಲೂ ಮೊದಲು ಎಲ್ಲವನ್ನೂ ನಿಲ್ಲಿಸಿ, ಆಮೇಲೆ ಅರ್ಧರ್ಧ ಮಾಡಿ ಹುಡುಕುತ್ತೇನೆ. ಆದರೆ ಪರದೆಗೆ ಚಿತ್ರ ಕಳಿಸಲು ವೇಲ್ಯಾಂಡ್ ಅನ್ನುವ ವ್ಯವಸ್ಥೆ ಇದ್ದಾಗ ಶೆಲ್ ಸತ್ತರೆ ತೆರೆದಿದ್ದ ಎಲ್ಲ ಕೆಲಸವೂ ಅದರ ಜೊತೆ ಹೋಗುತ್ತದೆ. ಅಲ್ಲಿ ಎಚ್ಚರ ಜಾಸ್ತಿ ಬೇಕು.

ಇನ್ನು ಅಕ್ಕನ ಮಾತು. ಟೂಲ್ ತೆಗೆದ ಮೇಲೆ ಫೋಲ್ಡರಿನಲ್ಲಿ ಎಲ್ಲ ಫೈಲಿಗೂ ಒಂದೇ ಮುಖ. "ಚಿತ್ರ ಕಾಣದೆ ನಾನು ಹೇಗೆ ಹುಡುಕಲಿ ಸರ್?" ಅಂದರು. ನ್ಯಾಯವಾದ ಮಾತು. ಅವರು ಆ ಟೂಲನ್ನು ಶೋಕಿಗೆ ಹಾಕಿಕೊಂಡಿರಲಿಲ್ಲ. ರೋಗ ಬಿಡಿಸಿದ್ದೇನೆ ಅಂತ ಹೇಳಿ ಅವರ ಕೆಲಸ ಕಷ್ಟ ಮಾಡಿಟ್ಟು ಹೋಗುವುದು ಸರಿಯಲ್ಲ. ಇಬ್ಬರೂ ಕೂತು ಒಂದು ದಾರಿ ಮಾಡಿಕೊಂಡೆವು. ಕಾರ್ಡ್ ಪ್ರಿಂಟಿಗೆ ಹೋಗುವಾಗ ಅದರದ್ದೊಂದು ಚಿಕ್ಕ ಜೆಪೆಗ್ ಕೂಡ ಅದೇ ಹೆಸರಿನಲ್ಲಿ ಸೇವ್ ಮಾಡುವುದು. ಹೆಸರಿನಲ್ಲಿ ತಿಂಗಳು, ಊರು, ಮನೆತನ. ಹಳೇ ಫೈಲುಗಳಿಗೆ ಯಜಮಾನರ ಮಗ ರಜೆಯಲ್ಲಿ ಕೂತು ಮಾಡಿಕೊಟ್ಟ. ಆ ರ‍್ಯಾಮ್‌ನ ದುಡ್ಡನ್ನು ನಾನು ವಾಪಸ್ ಕೊಟ್ಟೆ. ಯಜಮಾನರು ಬೇಡ ಬೇಡ ಅಂದರು, ಟೇಬಲ್ ಮೇಲೆ ಇಟ್ಟು ಬಂದೆ.

ಮುಂದಿನ ವಾರ ಅಕ್ಕ ವಾಟ್ಸಾಪಿನಲ್ಲಿ ಆರ್ಡರ್ ಬುಕ್ಕಿನ ಹಿಂದಿನ ಪುಟದ ಫೋಟೋ ಕಳಿಸಿದರು. ನೀಲಿ ಪೆನ್ನಿನಲ್ಲಿ ಹೊಸ ಗೀಟು. ಬೆಳಿಗ್ಗೆ 880. ಮಧ್ಯಾಹ್ನ 1,250. ಸಂಜೆ 6:30ಕ್ಕೆ 1,310, ಅದರ ಮುಂದೆ 'ಮನೆಗೆ ಹೊರಟೆ'.